ಅನ್ನನಾಳದ ಕ್ಯಾನ್ಸರ್: ಮೊದಲು ಕೀಮೋ, ಆಮೇಲೆ ಆಪರೇಷನ್. ನಡುವೆ ಮನೆಯವರು ಏನು ಮಾಡಬೇಕು?

ರೊಟ್ಟಿ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ, ನೀರು ಕುಡಿದರೆ ಇಳಿಯುತ್ತದೆ. ಕ್ರಮೇಣ ಅನ್ನವೂ ಕಷ್ಟ. ದಾವಣಗೆರೆ, ಚನ್ನಗಿರಿ ಕಡೆ ಇದನ್ನು ಗ್ಯಾಸ್ಟ್ರಿಕ್ ಅಂತ ಸುಮ್ನೆ ಮಾತ್ರೆ ನುಂಗಿಕೊಂಡು ಇರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ನಳಿಗೆ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿ. ಗುಟ್ಕಾ, ಬೀಡಿ, ಕುಡಿತದ ಅಭ್ಯಾಸ ಇದ್ದವರಂತೂ ತಡ ಮಾಡಲೇಬಾರದು.

ಬಯಾಪ್ಸಿಯಲ್ಲಿ, ಅಂದರೆ ಚೂರು ತುಣುಕು ತೆಗೆದು ಮಾಡುವ ಪರೀಕ್ಷೆಯಲ್ಲಿ, ಕ್ಯಾನ್ಸರ್ ಅಂತ ಬಂದರೆ ಮುಂದಿನದು ಸ್ಕ್ಯಾನ್. ಗಡ್ಡೆ ತೀರಾ ಸಣ್ಣದಿದ್ದರೆ ನೇರವಾಗಿ ತೆಗೆಯುತ್ತಾರೆ. ದೂರದ ಅಂಗಗಳಿಗೆ ಹರಡಿದ್ದರೆ ಸಾಮಾನ್ಯವಾಗಿ ಆಪರೇಷನ್ ಇಲ್ಲ. ನಡುವಿನ ಹಂತದವರಿಗೆ ಮೊದಲು ಕೀಮೋ (ಕ್ಯಾನ್ಸರ್ ಕಣ ಕೊಲ್ಲುವ ಔಷಧಿ), ಆಮೇಲೆ ಆಪರೇಷನ್ ಎಂಬ ಈ ಜೋಡಿ ಚಿಕಿತ್ಸೆ.

‘ಗಡ್ಡೆ ಒಳಗಿಟ್ಟುಕೊಂಡು ಯಾಕೆ ಕಾಯಬೇಕು?’ ಅಂತ ಮನೆಯವರು ಗಾಬರಿಯಾಗುತ್ತಾರೆ. ಸಹಜ ಅಲ್ವಾ? ಆದರೆ ಆ ವಾರಗಳಲ್ಲಿ ಕೀಮೋ ಗಡ್ಡೆಯನ್ನು ಕುಗ್ಗಿಸುತ್ತಿರುತ್ತದೆ. ಸ್ಕ್ಯಾನಿಗೆ ಕಾಣದಷ್ಟು ಸಣ್ಣದಾಗಿ ಹರಡಿದ್ದಕ್ಕೂ ಪೆಟ್ಟು ಕೊಡುತ್ತದೆ. ನಮ್ಮ ದೇಶದಲ್ಲಿ ಜಾಸ್ತಿ ಕಾಣುವುದು ಸ್ಕ್ವೇಮಸ್ ಬಗೆ, ಅಂದರೆ ಅನ್ನನಾಳದ ಒಳಪದರದ ಚಪ್ಪಟೆ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಅದಕ್ಕೆ ಕೀಮೋ ಜೊತೆ ಕರೆಂಟ್, ಅಂದರೆ ರೇಡಿಯೇಷನ್ ಕೊಡುವುದುಂಟು. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ‘ಕ್ರಾಸ್’ ಅಧ್ಯಯನದಲ್ಲಿ ವಾರಕ್ಕೊಂದರಂತೆ 5 ಕೀಮೋ, 23 ಸಲ ಕರೆಂಟ್ ಕೊಟ್ಟು ಆಮೇಲೆ ಆಪರೇಷನ್ ಮಾಡಿದರು. ಬರೀ ಆಪರೇಷನ್ ಆದವರಲ್ಲಿ ಅರ್ಧದಷ್ಟು ಜನ 24 ತಿಂಗಳು ದಾಟಿದರೆ, ಇವರಲ್ಲಿ ಅರ್ಧದಷ್ಟು ಜನ 49 ತಿಂಗಳು ದಾಟಿದರು. ಗ್ರಂಥಿಯ ಕಣಗಳಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಎಂಬ ಇನ್ನೊಂದು ಬಗೆಗೆ ‘ಫ್ಲಾಟ್’ ಎಂಬ ಕೀಮೋ ಇದೆ: 2 ವಾರಕ್ಕೊಮ್ಮೆ, ಆಪರೇಷನ್‌ಗೆ ಮೊದಲು 4, ಆಮೇಲೆ 4.

ಈ ಅವಧಿಯಲ್ಲಿ ಮನೆಯವರ ದೊಡ್ಡ ಕೆಲಸ ತೂಕ ಉಳಿಸುವುದು. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹೊಟ್ಟೆ ತುಂಬಾ ಉಣ್ಣಿಸಲು ಹೋಗಬೇಡಿ, ಎರಡು ಗಂಟೆಗೊಮ್ಮೆ ಒಂದು ಬಟ್ಟಲು ಸಾಕು. ತುಪ್ಪ ಹಾಕಿದ ತೆಳು ರಾಗಿ ಗಂಜಿ, ಬೇಯಿಸಿ ನುಣ್ಣಗೆ ಮಸೆದ ಬೇಳೆ, ಚೆನ್ನಾಗಿ ಬೆಂದ ಮೊಟ್ಟೆಯನ್ನು ಕಿವುಚಿ ಬೆರೆಸಿದ ಮೆತ್ತನೆ ಅನ್ನ ಕೊಡಿ. ಇದೂ ಇಳಿಯದಿದ್ದರೆ ಕರುಳಿಗೆ ನಳಿಗೆ ಹಾಕುತ್ತಾರೆ. ಹೆದರಿ ಬೇಡ ಅನ್ನಬೇಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕೂರಬೇಡಿ. ಬೀಡಿ ಪೂರ್ತಿ ಬಂದ್. ಮೂರು ಚೆಂಡಿನ ಉಸಿರಾಟದ ಸಾಧನವನ್ನು ದಿನಾ ಅಭ್ಯಾಸ ಮಾಡಿಸಿ, ಆಪರೇಷನ್ ಆದಮೇಲೆ ಕಫ ಕಟ್ಟದಿರಲು ನೆರವಾಗುತ್ತದೆ.

ಆಪರೇಷನ್‌ಗೆ ಮೊದಲಿನ ಚಿಕಿತ್ಸೆ ಮುಗಿದು ಸುಮಾರು 4ರಿಂದ 8 ವಾರಕ್ಕೆ ಆಪರೇಷನ್. ಅನ್ನನಾಳದ ಭಾಗ ತೆಗೆದು, ಹೊಟ್ಟೆಯನ್ನೇ ಕೊಳವೆಯಾಗಿಸಿ ಮೇಲಕ್ಕೆಳೆದು ಹೊಲಿಯುತ್ತಾರೆ. ಹಾಗಾಗಿ ಆಮೇಲೂ ಸ್ವಲ್ಪ ಸ್ವಲ್ಪವೇ ಊಟ. ಉಂಡ ಕೂಡಲೇ ಮಲಗಬಾರದು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೆಫರಲ್ (ದೊಡ್ಡ ಆಸ್ಪತ್ರೆಗೆ ಕಳಿಸುವ ಚೀಟಿ) ಬಗ್ಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಇನ್ನು, ಇಲ್ಲೇ ಆಗಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಆಗಲಿ, ‘ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ?’ ಅಂತ ಸರ್ಜನ್‌ಗೆ ಸಂಕೋಚವಿಲ್ಲದೆ ಕೇಳಿ. ಇದನ್ನು ಜಾಸ್ತಿ ಮಾಡುವ ಕಡೆ ಅಪಾಯ ಕಡಿಮೆ.