ಹಾಕಿಯ ಪೆನಾಲ್ಟಿ ಕಾರ್ನರ್: ಬ್ಯಾಕ್‌ಲೈನ್‌ನಿಂದ (ಗೋಲ್ ಇರುವ ಬದಿಯ ಗೆರೆ) ಚೆಂಡು ತಳ್ಳುವವರಿಗೆ

ಗುರಿ ಇಡಬೇಕಾದ್ದು ಸ್ಟಾಪರ್‌ನ (ಚೆಂಡನ್ನು ತಡೆದು ನಿಲ್ಲಿಸುವ ಜೊತೆಗಾರ) ಕಾಲಿಗಲ್ಲ, ವೃತ್ತದ (ಗೋಲಿನ ಮುಂದಿನ ಅರೆವೃತ್ತ) ಗೆರೆಯಿಂದ ಒಂದು ಗೇಣು ಆಚೆ ಅವರು ನೆಲಕ್ಕೆ ಮಲಗಿಸಿದ ಸ್ಟಿಕ್‌ಗೆ. ಚೆಂಡು ವೃತ್ತದಿಂದ ಹೊರಗೆ ಹೋಗದೆ ಹೊಡೆದ ಗೋಲು ಲೆಕ್ಕಕ್ಕಿಲ್ಲ. ತೀರಾ ದೂರ ಹೋದರೆ ಒಳಗೆಳೆಯುವಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರುತ್ತಾರೆ. ತಳ್ಳುವಾಗ ಹಿಟ್ (ಸ್ಟಿಕ್ ಬೀಸಿ ಹೊಡೆಯುವುದು) ಬೇಡ. ಚೆಂಡನ್ನು ಹಿಂಗಾಲಿನ ಪಕ್ಕದಿಂದ ಸ್ಟಿಕ್‌ಗೆ ಅಂಟಿಸಿಕೊಂಡೇ ಎಳೆದು ತಳ್ಳಿ. ಸ್ಟಿಕ್ ಹೆಚ್ಚು ಹೊತ್ತು ತಾಗಿದ್ದಷ್ಟೂ ಚೆಂಡು ಪುಟಿಯದೆ ನೇರ ಹೋಗುತ್ತದೆ. ಒಂದು ಪಾದವಾದರೂ ಬ್ಯಾಕ್‌ಲೈನ್ ಹೊರಗಿರಲಿ. ತಳ್ಳಿದಂತೆ ನಟಿಸಿದರೆ ನಡುಗೆರೆಯ ಆಚೆ ಕಳಿಸುತ್ತಾರೆ! ಉಬ್ಬುತಗ್ಗಿನ ಹುಲ್ಲಿನ ಮೈದಾನದಲ್ಲಿ ಇದು ಕೈಕೊಡುತ್ತದೆ, ಚೆಂಡು ನಿಶ್ಚಲವಾಗಿ ನಿಲ್ಲುವುದಿಲ್ಲ. ಅಲ್ಲಿ ಗೋಲಿಗೆ ಹೊಡೆಯುವವರು ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಎತ್ತಿ ಎಸೆಯುವುದು) ಆಸೆ ಬಿಟ್ಟು ಹಿಟ್ ಮಾಡುವುದೇ ವಾಸಿ. ಆದರೆ ಗೋಲಿಗೆ ಮೊದಲ ಹೊಡೆತ ಹಿಟ್ ಆಗಿದ್ದರೆ ಚೆಂಡು ಗೋಲ್ ಗೆರೆಯನ್ನು 460 ಮಿ.ಮೀ. ಎತ್ತರದ ಒಳಗೇ ದಾಟಬೇಕು, ಅಂದರೆ ಗೋಲಿನೊಳಗಿನ ಹಲಗೆಯ ಎತ್ತರ.