ತರಗತಿಯಲ್ಲಿ ಡ್ರಾಕುಲಾ: ಬಾಗಿಲು ತೆಗೆಯುವವರು ಮಕ್ಕಳೇ

ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡು. ಪಾಠ ಶುರು ಮಾಡದೆ ಬೋರ್ಡಿನ ಮೇಲೆ ದೊಡ್ಡದಾಗಿ ‘ನಾಳೆ ಬಾ’ ಎಂದು ಬರೆದು ಸುಮ್ಮನೆ ನಿಂತೆ. ತೂಕಡಿಸುತ್ತಿದ್ದವರೂ ತಲೆ ಎತ್ತಿದರು. ಮದ್ದೂರು ಕಡೆಯಿಂದ ಬರುವ ಹುಡುಗಿಯೊಬ್ಬಳು, ‘ನಮ್ಮಜ್ಜಿ ಮನೆ ಬಾಗಿಲ್ ಮೇಲೆ ಇನ್ನೂ ಐತೆ ಮೇಡಂ, ಬಣ್ಣ ಹೊಡಿಯಾಗ್ಲೂ ಅಷ್ಟ್ ಜಾಗ ಬಿಟ್ ಹೊಡಿತಾರೆ’ ಎಂದಳು. ರಾತ್ರಿ ಹೊತ್ತು ಗೊತ್ತಿರುವವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವದ ಸುದ್ದಿ 90ರ ದಶಕದಲ್ಲಿ ಊರೂರು ಸುತ್ತಿದ್ದು ಇವರ ಅಪ್ಪ ಅಮ್ಮಂದಿರಿಗೆ ಚೆನ್ನಾಗಿ ನೆನಪಿದೆ. ಓಗೊಟ್ಟು ಬಾಗಿಲು ತೆಗೆದರೆ ಕಥೆ ಮುಗಿಯಿತು. ತೆಗೆಯದಿದ್ದರೆ ದೆವ್ವ ಬರಹ ಓದಿಕೊಂಡು ವಾಪಸು.

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯಲ್ಲೂ ಇದೇ ಕಾನೂನು. ಮನೆಯವರಲ್ಲಿ ಒಬ್ಬರಾದರೂ ಬಾ ಎನ್ನದೆ ರಕ್ತ ಹೀರುವ ಪಿಶಾಚಿ ಕೌಂಟ್ ಡ್ರಾಕುಲಾ ಮೊದಲ ಸಲ ಹೊಸ್ತಿಲು ದಾಟುವ ಹಾಗಿಲ್ಲ ಎಂದು 18ನೇ ಅಧ್ಯಾಯದಲ್ಲಿ ಅವನ ಬೆನ್ನು ಹತ್ತಿದ ಪ್ರೊಫೆಸರ್ ವಾನ್ ಹೆಲ್ಸಿಂಗ್ ಹೇಳುತ್ತಾನೆ. ಕೌಂಟ್‌ನ ಕೋಟೆಗೆ ಅವನ ಲಂಡನ್ ಮನೆ ಖರೀದಿಯ ಕೆಲಸಕ್ಕೆ ಬಂದ ವಕೀಲ ಜೊನಾಥನ್ ಹಾರ್ಕರ್‌ನ ವಿಷಯದಲ್ಲೂ ಅಷ್ಟೆ. ಕೌಂಟ್ ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತು, ನಿಮ್ಮ ಇಷ್ಟದಿಂದಲೇ ಒಳಗೆ ಬನ್ನಿ ಎನ್ನುತ್ತಾನೆ. ಹಾರ್ಕರ್ ಕಾಲಿಟ್ಟ ಮೇಲೆಯೇ ಮುಂದೆ ಬಂದು ಕೈ ಹಿಡಿಯುವುದು.

ಹಳೆಯ ಕೋಟೆ, ಶಾಪ, ದೆವ್ವಗಳ ಗಾಥಿಕ್ ಕಥೆಗಳ ಭಯವೆಲ್ಲ ಈ ಹೊಸ್ತಿಲಿನದು. ಹೋಗಬೇಡ ಎಂದ ಕಡೆ ಯಾರೋ ತಾನಾಗಿ ಹೋಗುತ್ತಾರೆ. ಇದನ್ನು ಉಪನ್ಯಾಸ ಮಾಡಿ ಹೇಳಿದರೆ ನೋಟ್ಸಿನಲ್ಲಿ ಒಂದು ಸಾಲಾಗುತ್ತದೆ, ಅಷ್ಟೇ. ಮಕ್ಕಳ ಕಾಲನ್ನೇ ಹೊಸ್ತಿಲ ಮೇಲೆ ಇಡಿಸಿದರೆ ಬೇರೆ. ಕಥೆಯ ಒಂದೊಂದು ತುಂಡನ್ನು ಒಂದೊಂದು ಚೀಟಿಯಲ್ಲಿ ಬರೆದು, ಕೆಳಗೆ ಆಯ್ಕೆಗಳನ್ನಿಟ್ಟು ‘ಈಗ ಏನು ಮಾಡ್ತೀಯ?’ ಎಂದು ಕೇಳುತ್ತಾ ಹೋಗುವ ಆಟ ಅದಕ್ಕಾಗಿಯೇ. ಮೈಸೂರಿನ ನನ್ನ ಪಿಯು ತರಗತಿಯಲ್ಲಿ ಎರಡು ಸಲ ಕೆಡಿಸಿಕೊಂಡು, ಮೂರನೇ ಸಲ ಕೈ ಹತ್ತಿದ ವಿಧಾನ ಇದು.

ಎಷ್ಟು ತೆಗೆದುಕೊಳ್ಳಬೇಕು

ಇಡೀ ಕಾದಂಬರಿಗೆ ಕೈ ಹಾಕಬೇಡಿ. ಡ್ರಾಕುಲಾದ 27 ಅಧ್ಯಾಯಗಳಲ್ಲಿ ಮೊದಲ ನಾಲ್ಕು ಸಾಕು. ಅಷ್ಟೂ ಹಾರ್ಕರ್‌ನ ದಿನಚರಿ, ಮೇ 3ರಿಂದ ಜೂನ್ 30ರವರೆಗೆ. ದಿನಚರಿಯಾದ್ದರಿಂದ ತುಂಡು ಮಾಡುವುದು ಸುಲಭ. ಸಣ್ಣದು ಬೇಕೆಂದರೆ ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ಅಶರ್ ಮನೆತನದ ಕಥೆ ಇದೆ. ಹೊರೇಸ್ ವಾಲ್‌ಪೋಲ್‌ನ 1764ರ ‘ಒಟ್ರಾಂಟೊ ಕೋಟೆ’ಯಿಂದಲೂ ಶುರು ಮಾಡಬಹುದು. ಮದುವೆಯ ದಿನವೇ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ಮದುಮಗ ಅಪ್ಪಚ್ಚಿಯಾಗುತ್ತಾನೆ. ಮುತ್ತಾತ ರಾಜ್ಯ ಕಸಿದ ಪಾಪ ಮರಿಮಗನ ತಲೆಯ ಮೇಲೆ, ಅಕ್ಷರಶಃ. ಅಲಮೇಲಮ್ಮನ ಶಾಪ ಕೇಳಿಕೊಂಡು ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪುಸ್ತಕಗಳ ಕೃತಿಸ್ವಾಮ್ಯ ಮುಗಿದಿದೆ. ಇಂಗ್ಲಿಷ್ ಮೂಲಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಇಸವಿ ನೆನಪಿಡಲು ಮೈಸೂರಿನವರಿಗೆ ಒಂದು ಉಪಾಯ: ಡ್ರಾಕುಲಾ ಅಚ್ಚಾದ 1897ರಲ್ಲೇ ನಮ್ಮ ಹಳೆಯ ಮರದ ಅರಮನೆ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಈಗಿನ ಅರಮನೆ ಮುಗಿದ 1912ರಲ್ಲೇ ಸ್ಟೋಕರ್ ತೀರಿಕೊಂಡ. ಇದಕ್ಕೂ ಪಾಠಕ್ಕೂ ಯಾವ ಸಂಬಂಧವೂ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಒಬ್ಬರೂ ತಪ್ಪು ಬರೆದಿಲ್ಲ.

ಕವಲು ಹುಡುಕುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಕೆಲಸ ಇದೇ. ಆಯ್ಕೆಗಳನ್ನು ನಾವು ಹುಟ್ಟಿಸಬಾರದು, ಪಠ್ಯದಲ್ಲಿ ಹುಡುಕಬೇಕು. ‘ಹಾರ್ಕರ್ ಎಲ್ಲಿ ಬೇರೆ ಥರ ಮಾಡಬಹುದಿತ್ತು, ಅಲ್ಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ’ ಎಂದು ನಾಲ್ಕು ನಾಲ್ಕು ಜನರ ಗುಂಪಿಗೆ ಒಂದೊಂದು ಭಾಗ ಕೊಟ್ಟೆ.

ಮೊದಲ ಗೆರೆ ಬಿದ್ದದ್ದು ಬಿಸ್ಟ್ರಿಟ್ಸ್ ಊರಿನ ಹೋಟೆಲಿನಲ್ಲಿ. ಮುದುಕಿ ಮಂಡಿಯೂರಿ ಹೋಗಬೇಡ ಎಂದು ಬೇಡಿಕೊಳ್ಳುತ್ತಾಳೆ. ಹಾರ್ಕರ್ ಕೆಲಸ ಇದೆ ಎನ್ನುತ್ತಾನೆ. ಅವಳು ತನ್ನ ಕೊರಳಿನ ಶಿಲುಬೆ ಬಿಚ್ಚಿ ಕೊಡುತ್ತಾಳೆ. ಅವನ ಪಂಥದಲ್ಲಿ ಅದು ಮೂರ್ತಿಪೂಜೆಯ ಲಕ್ಷಣ, ಮುಟ್ಟಲು ಮುಜುಗರ. ಬೇಡ ಎಂದರೆ ಅಜ್ಜಿಗೆ ಬೇಜಾರಾಗುತ್ತದಲ್ಲ ಎಂಬ ಸಂಕೋಚ ಬೇರೆ. ಕೊನೆಗೆ ‘ನಿಮ್ಮ ತಾಯಿಗೋಸ್ಕರ’ ಎಂದು ಅವಳೇ ಕೊರಳಿಗೆ ಹಾಕುತ್ತಾಳೆ.

‘ಅಷ್ಟ್ ಜನ ಬ್ಯಾಡ ಅಂದ್ರೂವೆ ಹೊಂಟವ್ನಲ್ಲ, ಅವ್ನ್ಗೇನ್ ಬುದ್ಧಿ ಇಲ್ವಾ ಮೇಡಂ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಉತ್ತರ ಹೇಳದೆ ಕವಲನ್ನು ಬೋರ್ಡಿನ ಮೇಲೆ ಬರೆದೆ: ಶಿಲುಬೆ ತಗೋ / ಬೇಡ ಅನ್ನು. ತಗೊಂಡವರ ಕೈಗೆ ಒಂದು ಕರಿದಾರ ಕಟ್ಟಿದೆವು.

ದಾರದ ಬೆಲೆ ತಿಳಿಯುವುದು ಮೇ 8ರ ಬೆಳಿಗ್ಗೆ. ಹಾರ್ಕರ್ ಕಿಟಕಿಗೆ ಕನ್ನಡಿ ತೂಗುಹಾಕಿ ಕ್ಷೌರ ಮಾಡಿಕೊಳ್ಳುತ್ತಿದ್ದಾನೆ. ಭುಜದ ಮೇಲೆ ಕೈ ಬೀಳುತ್ತದೆ, ಕನ್ನಡಿಯಲ್ಲಿ ಯಾರೂ ಇಲ್ಲ. ಬೆಚ್ಚಿದಾಗ ಕತ್ತಿ ತಗುಲಿ ಗಲ್ಲದಲ್ಲಿ ರಕ್ತ. ಕೌಂಟ್ ಕೊರಳಿಗೇ ಕೈ ಹಾಕುತ್ತಾನೆ, ಶಿಲುಬೆಯಿರುವ ಜಪಮಾಲೆ ತಾಗಿದೊಡನೆ ಕಣ್ಣಿನ ಕೆಂಡ ಆರುತ್ತದೆ. ಈ ಚೀಟಿ ಓದಿದ ಮೇಲೆ ನಾನು ಕೇಳುವುದು ಒಂದೇ ಮಾತು: ‘ದಾರ ಇರೋರು ಕೈ ಎತ್ತಿ.’ ಇಲ್ಲದವರ ಮುಖ ನೋಡಬೇಕು!

ಹಾಗಾದರೆ ದಾರ ಇಲ್ಲದವರು ಸತ್ತರೇ? ಇಲ್ಲಿ ಕಾಲು ಗಂಟೆ ಜಗಳವಾಯಿತು. ‘ಸಾಯ್ಸಲ್ಲ ಮೇಡಂ. ಲಂಡನ್ ಮನೆ ವಿಚಾರ ಇನ್ನೂ ಮುಗ್ದಿಲ್ಲ, ಇಂಗ್ಲಿಷ್ ಬೇರೆ ಇವನ ಹತ್ರಾನೇ ಕಲೀತಾವ್ನೆ’ ಎಂದು ಒಬ್ಬಳು ಪುಟ ತೆಗೆದು ತೋರಿಸಿದಳು. ನನಗೆ ಬೇಕಿದ್ದದ್ದು ಅದೇ. ಹೊಸ ದಾರಿ ಯಾರಾದರೂ ಕಟ್ಟಲಿ, ಅದಕ್ಕೆ ಮೂಲದ ಪುಟಸಂಖ್ಯೆ ಕೊಡಬೇಕು ಎಂಬುದು ನಮ್ಮ ಆಟದ ಒಂದೇ ಕಟ್ಟುನಿಟ್ಟು.

ಸಂಗಮ ಇಡುವುದು

ನನ್ನ ಮೊದಲ ಪ್ರಯತ್ನ ಮುಳುಗಿದ್ದು ಲೆಕ್ಕದಲ್ಲಿ. ಪ್ರತಿ ಚೀಟಿಗೂ ಎರಡು ಆಯ್ಕೆ, ಆಯ್ಕೆಗೊಂದು ಹೊಸ ಚೀಟಿ ಎಂದು ಹೊರಟೆ. ಐದೇ ಸುತ್ತಿಗೆ 63 ಚೀಟಿಗಳಾದವು. ಹತ್ತು ಸುತ್ತು ಹೋಗಿದ್ದರೆ ಕೊನೆಗಳೇ 1,024. ಬರೆಯುವವರು ಯಾರು?

ಎರಡನೇ ಸಲ ನಕ್ಷೆಗೆ ಶ್ರೀರಂಗಪಟ್ಟಣವನ್ನೇ ಮಾದರಿ ಮಾಡಿಕೊಂಡೆ. ಕಾವೇರಿ ದ್ವೀಪದ ತಲೆಯಲ್ಲಿ ಎರಡಾಗಿ ಹರಿದು ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕಥೆಯೂ ಹಾಗೆಯೇ ಕವಲೊಡೆದು ಕೂಡಬೇಕು. ಹೋಟೆಲು, ಬೋರ್ಗೊ ಕಣಿವೆ, ಕೋಟೆಯ ಬಾಗಿಲು, ಕನ್ನಡಿ, ಮೂರು ಕಾಗದ, ಗೋಡೆ. ಈ ಆರು ಜಾಗಕ್ಕೆ ಎಲ್ಲರೂ ಬಂದೇ ಬರಬೇಕು. ನಡುವೆ ಹೇಗಾದರೂ ಬರಲಿ. ಒಟ್ಟು 24 ಚೀಟಿಯಲ್ಲಿ ಮುಗಿಯಿತು. ನಾವು ಬಳಸಿದ್ದು ಹಳೆಯ ಲಗ್ನಪತ್ರಿಕೆಗಳು. ಗಟ್ಟಿ ಕಾಗದ, ಹಿಂಬದಿ ಖಾಲಿ, ದುಡ್ಡಿಲ್ಲ.

ಮೂರು ಕಾಗದದ ಪ್ರಸಂಗದಲ್ಲಿ ಕವಲು ಇಡಲೇಬೇಡಿ. ಮೇ 19ರ ದಿನಚರಿಯ ಪ್ರಕಾರ ಹಿಂದಿನ ರಾತ್ರಿ ಕೌಂಟ್ ಬಹಳ ಸವಿಯಾಗಿ ಮೂರು ಪತ್ರ ಬರೆದುಕೊಡಿ ಎನ್ನುತ್ತಾನೆ. ಕೆಲಸ ಮುಗಿಯುತ್ತ ಬಂತು ಎಂದು ಒಂದು, ನಾಳೆ ಹೊರಡುತ್ತೇನೆ ಎಂದು ಒಂದು, ಕೋಟೆ ಬಿಟ್ಟು ಬಿಸ್ಟ್ರಿಟ್ಸ್ ತಲುಪಿದೆ ಎಂದು ಇನ್ನೊಂದು. ತಾರೀಕು ಜೂನ್ 12, 19, 29. ಆ ಚೀಟಿಯ ಕೆಳಗೆ ಒಂದೇ ಆಯ್ಕೆ ಇಟ್ಟೆವು: ಬರೆದುಕೊಡು. ‘ಅವನ ತಿಥಿ ದಿನಾನ ಅವನ ಕೈಲೇ ಬರೆಸ್ಕಂಡಂಗಾಯ್ತು’ ಎಂದ ಪಾಂಡವಪುರದ ಹುಡುಗ. ಅಲ್ಲಿಯವರೆಗೆ ಎರಡೆರಡು ದಾರಿ ಕಂಡು ರೂಢಿಯಾದವರಿಗೆ ಆ ಒಂದೇ ಸಾಲು ಎದೆಗೆ ತಟ್ಟುತ್ತದೆ.

ಕನ್ನಡದಲ್ಲಿ ಬರೆಸುವುದು

ಓದು ಇಂಗ್ಲಿಷಿನಲ್ಲಿ, ಚೀಟಿ ಕನ್ನಡದಲ್ಲಿ. ಇಂಥ ಆಟ ‘ನೀನು’ ಎಂದು ನಡೆಯುತ್ತದೆ, ಮೂಲ ದಿನಚರಿ ‘ನಾನು’ ಎಂದು. ಕನ್ನಡದಲ್ಲಿ ಭೂತಕಾಲ ಇಟ್ಟುಕೊಂಡರೆ ಈ ತೊಡಕೇ ಇಲ್ಲ. ‘ಬಾಗಿಲು ತೆಗೆದೆ. ಮೆಟ್ಟಿಲಿಳಿದೆ.’ ಇದು ನಾನೂ ಹೌದು, ನೀನೂ ಹೌದು. ಗಂಡೋ ಹೆಣ್ಣೋ ಎಂಬುದೂ ಕ್ರಿಯಾಪದದಲ್ಲಿ ಬರುವುದಿಲ್ಲ, ಹುಡುಗಿಯರು ಸಲೀಸಾಗಿ ಹಾರ್ಕರ್ ಆದರು.

ಕೌಂಟ್ ಹೇಗೆ ಮಾತಾಡಬೇಕು? ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಇದು ಕಾಣದು. ಅತಿಥಿಗೆ ‘ನೀವು’ ಎಂದು ಶುರು ಮಾಡಿದ ಆತ ಎಲ್ಲಿ ‘ನೀನು’ಗೆ ಇಳಿಯುತ್ತಾನೆ ಎಂದು ಮಕ್ಕಳೇ ತೀರ್ಮಾನಿಸಲಿ. ಒಂದು ಗುಂಪು ಕನ್ನಡಿಯನ್ನು ಕಿಟಕಿಯಾಚೆ ಎಸೆಯುವಲ್ಲಿ ಇಳಿಸಿತು. ಇನ್ನೊಂದು ಗುಂಪು ಕೊನೆಯವರೆಗೂ ‘ನೀವು’ ಎಂದೇ ಉಳಿಸಿತು. ನನಗೆ ಮೈ ಜುಮ್ಮೆಂದದ್ದು ಎರಡನೆಯದಕ್ಕೆ.

ಮೊದಲ ಕರಡಿನಲ್ಲಿ ರಕ್ತ ಧಾರಾಳವಾಗಿ ಹರಿಯುತ್ತದೆ. ಅಡ್ಡಿಯಿಲ್ಲ, ಬರೆಯಲಿ. ಆಮೇಲೆ ಭಯಾನಕ ಬೇರೆ, ಬೀಭತ್ಸ ಬೇರೆ ಎಂದು ರಸದ ಪಾಠ ತೆಗೆಯಿರಿ. ಗಾಥಿಕ್ ಕಾದಂಬರಿಗಾರ್ತಿ ಆನ್ ರಾಡ್‌ಕ್ಲಿಫ್ ಕೂಡ ಇದೇ ಬಗೆಯ ಗೆರೆ ಎಳೆದಳು. ಕಾಣದ್ದಕ್ಕೆ ಹೆದರುವಾಗ ಮನಸ್ಸು ಅರಳುತ್ತದೆ, ಕಂಡದ್ದಕ್ಕೆ ಹೇಸುವಾಗ ಮರಗಟ್ಟುತ್ತದೆ ಎಂಬುದು ಅವಳ ವಾದ. ಕಣಿವೆಯ ದಾರಿಯಲ್ಲಿ ಹೊತ್ತಿಕೊಳ್ಳುವ ನೀಲಿ ಜ್ವಾಲೆಯನ್ನು ನಮ್ಮವರು ‘ಕೊಳ್ಳಿದೆವ್ವ’ ಎಂದೇ ಬರೆದರು. ನಾನು ತಿದ್ದಲಿಲ್ಲ.

ಕಂಪ್ಯೂಟರಿಗೆ ಏರಿಸುವುದು

ಚೀಟಿಯಲ್ಲೇ ಆಡಿದರೂ ಸಾಕು. ಲ್ಯಾಬ್ ಇದ್ದರೆ ಇಂಥ ಕವಲು ಕಥೆ ಕಟ್ಟಲು ಟ್ವೈನ್ ಎಂಬ ಉಚಿತ ತಂತ್ರಾಂಶ ಇದೆ, ಬ್ರೌಸರಿನಲ್ಲೇ ನಡೆಯುತ್ತದೆ. ಒಂದೊಂದು ಚೀಟಿಗೂ ಒಂದೊಂದು ಚೌಕ. [[ಬಾಗಿಲು ತಟ್ಟು]] ಎಂದು ಜೋಡಿ ಚೌಕಾವರಣದಲ್ಲಿ ಬರೆದರೆ ಆ ಹೆಸರಿನ ಚೌಕಕ್ಕೆ ಕೊಂಡಿ ಬೀಳುತ್ತದೆ. ಮುಗಿದ ಆಟ ಒಂದೇ ಎಚ್‌ಟಿಎಂಎಲ್ ಫೈಲು, ಮೊಬೈಲಿಗೂ ಕಳಿಸಬಹುದು.

ಎರಡು ಎಚ್ಚರ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ತಂದು ಅಂಟಿಸಿದರೆ ಬ್ರೌಸರಿನಲ್ಲಿ ದೆವ್ವದ ಭಾಷೆಯೇ ಕಾಣುತ್ತದೆ. ಯೂನಿಕೋಡ್ ಕಡ್ಡಾಯ. ಇನ್ನೊಂದು, ಆನ್‌ಲೈನ್ ಟ್ವೈನ್ ಕಥೆಯನ್ನು ಉಳಿಸುವುದು ಆ ಕಂಪ್ಯೂಟರಿನ ಬ್ರೌಸರಿನಲ್ಲೇ. ಯಾರೋ ಲ್ಯಾಬಿನ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ, ನಮ್ಮ ಎರಡನೇ ವರ್ಷದ ಆಟ ಪೂರ್ತಿ ಹೋಯಿತು. ದಿನವೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

ಆಡಿಸುವ ದಿನ

ಒಬ್ಬೊಬ್ಬರೇ ಆಡಿದರೆ ಪಟಪಟ ಒತ್ತಿ ಮುಗಿಸುತ್ತಾರೆ. ಇಡೀ ತರಗತಿ ಸೇರಿ ಆಡಿ. ಒಬ್ಬರು ಜೋರಾಗಿ ಓದಲಿ, ಪ್ರತಿ ಕವಲಿನಲ್ಲೂ ಕೈ ಎತ್ತಿಸಿ, ಎತ್ತಿದವರು ಕಾರಣ ಹೇಳಲಿ. ಅಂಕ ಕೊಡುವುದಿದ್ದರೆ ಗೆದ್ದದ್ದಕ್ಕೆ ಬೇಡ, ಕಾರಣಕ್ಕೆ ಕೊಡಿ.

ಕೊನೆಯ ಕೆಲಸವನ್ನು ಸ್ಟೋಕರ್‌ನೇ ಬಿಟ್ಟುಹೋಗಿದ್ದಾನೆ. ಜೂನ್ 30ರಂದು ಗೋಡೆ ಇಳಿಯುತ್ತೇನೆ ಎಂದು ಬರೆದ ಹಾರ್ಕರ್ ಮಾಯವಾಗುತ್ತಾನೆ. ಮುಂದೆ ಅವನ ಸುದ್ದಿ ಸಿಗುವುದು ಆಗಸ್ಟ್ 12ರ ತಾರೀಕಿನ ಪತ್ರದಲ್ಲಿ, ಬುಡಾಪೆಸ್ಟ್‌ನ ಆಸ್ಪತ್ರೆಯಿಂದ. ಕ್ಲೌಸೆನ್‌ಬರ್ಗ್ ರೈಲ್ವೆ ಸ್ಟೇಷನ್ನಿಗೆ ಓಡಿಬಂದು ಊರಿಗೆ ಟಿಕೆಟ್ ಕೊಡಿ ಎಂದು ಕೂಗಿಕೊಂಡನಂತೆ. ಗೋಡೆಯಿಂದ ಸ್ಟೇಷನ್ನಿನವರೆಗಿನ ದಾರಿ ಪುಸ್ತಕದಲ್ಲಿಲ್ಲ. ಆ ಚೀಟಿಗಳಿಗೆ ಮಾತ್ರ ಪುಟಸಂಖ್ಯೆ ಕೇಳುವುದಿಲ್ಲ.

ಹಿಂದಿನ ಬೆಂಚಿನ ಹುಡುಗನ ಚೀಟಿ ಹೀಗಿತ್ತು: ‘ಕೌಂಟರಿನವನು ಯಾವೂರಿಗೆ ಎಂದು ಕೇಳಿದ. ಬಾಯಿ ತೆಗೆದೆ.’ ಕೆಳಗೆ ಎರಡು ಆಯ್ಕೆ. ಊರಿನ ಹೆಸರು ಹೇಳು. ಊರಿನ ಹೆಸರು ನೆನಪಿಲ್ಲ. ಎರಡನ್ನೂ ಒತ್ತಿ ನೋಡಿದೆ. ಹೋದದ್ದು ಒಂದೇ ಚೀಟಿಗೆ.