ಕಾಲಕ್ಕೆ ತಕ್ಕ ಅಡುಗೆಯ ಪುಟ್ಟ ರೆಸ್ಟೋರೆಂಟ್‌ಗೆ ಊಟಕ್ಕೆ ಹೋಗುವ ಮುನ್ನ

ಆಯಾ ಕಾಲದಲ್ಲಿ ಸುತ್ತಲಿನ ಹೊಲ, ತೋಟಗಳಲ್ಲಿ ಬಂದದ್ದನ್ನೇ ನೆಚ್ಚಿಕೊಂಡು ಅಡುಗೆ ಮಾಡುವ ಪುಟ್ಟ ರೆಸ್ಟೋರೆಂಟ್‌ಗಳು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. ಬಾಗಲೂರಿನ ಕಡೆ ತೋಟದ ನಡುವೆಯೇ ಇರುವ ಫಾರ್ಮ್‌ಲೋರ್‌ನಂತೆ ಕೆಲವೇ ಜನರನ್ನು ಕೂರಿಸಿ ಒಂದಾದ ಮೇಲೊಂದು ಕೋರ್ಸ್ ಬಡಿಸುವ ದುಬಾರಿ ಜಾಗಗಳಿವೆ. ಹಲಸೂರಿಗೆ ಹತ್ತಿರದ ಕೇಂಬ್ರಿಡ್ಜ್ ಲೇಔಟ್‌ನ ಬೆಂಗಳೂರು ಊಟ ಕಂಪನಿಯಂತೆ, ಮೊದಲೇ ತಿಳಿಸಿ ಬಂದವರಿಗೆ ಗೌಡರ ಮನೆಯ ಮತ್ತು ಮಂಗಳೂರು ಸೀಮೆಯ ಅಡುಗೆ ಮಾಡಿ ಬಡಿಸುವುದಕ್ಕೆ ಹೆಸರಾದ ಜಾಗಗಳೂ ಇವೆ. ಇಂಥ ಕಡೆಗೆ ಊಟಕ್ಕೆ ಹೋಗುವುದು ದರ್ಶಿನಿಗೆ ಹೋದ ಹಾಗಲ್ಲ. ದರ್ಶಿನಿಯಲ್ಲಿ ಯಾವ ಹೊತ್ತಿಗೆ ಹೋದರೂ ಅಡುಗೆ ನಮಗಾಗಿ ಕಾದಿರುತ್ತದೆ. ಇಲ್ಲಿ ಆ ದಿನ ಎಷ್ಟು ಜನ ಬರುತ್ತಾರೆಂದು ಲೆಕ್ಕ ಹಾಕಿ, ಅಷ್ಟಕ್ಕೇ ಸೊಪ್ಪು, ಕಾಯಿಪಲ್ಲೆ ತರಿಸಿರುತ್ತಾರೆ. ಆದ್ದರಿಂದ ನಾವು ಯಾವ ತಿಂಗಳಲ್ಲಿ ಹೋಗುತ್ತೇವೆ, ಏನನ್ನು ಮೊದಲೇ ಹೇಳುತ್ತೇವೆ, ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದರ ಮೇಲೆ ತಟ್ಟೆಗೆ ಬರುವ ಅಡುಗೆಯ ಅರ್ಧ ಗುಣ ನಿಂತಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಟೇಬಲ್ ಕಾಯ್ದಿರಿಸುವ ಮೊದಲು ತಿಂಗಳನ್ನು ಗಮನಿಸಬೇಕು. ಬೆಂಗಳೂರಿನ ಸುತ್ತಲಿನ ಬಯಲುಸೀಮೆಯ ಅಡುಗೆಗೆ ಅತ್ಯಂತ ಸಮೃದ್ಧವಾದ ಕಾಲ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದುಮುಂದು ನೋಡದೆ ಡಿಸೆಂಬರ್ ಮತ್ತು ಜನವರಿ ಎನ್ನುತ್ತೇನೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಹೊಸ ಕಡಲೆಕಾಯಿ ಬಂದಿರುತ್ತದೆ, ರಾಗಿಯ ಕೊಯ್ಲು ನಡೆದಿರುತ್ತದೆ, ಅದರ ಬೆನ್ನಿಗೇ ಮಾಗಡಿ, ಹೊಸಕೋಟೆ, ಚಿಂತಾಮಣಿ, ಕೋಲಾರದ ಕಡೆಗಳಿಂದ ಅವರೆಕಾಯಿ ಪೇಟೆಗೆ ಬಂದು ಬೀಳುತ್ತದೆ. ಸೊಗಡವರೆಯ ಸಿಪ್ಪೆಯ ಮೇಲೆ ಎಣ್ಣೆಯಂಥ ಒಂದು ಅಂಟು ಇರುತ್ತದೆ. ಕಾಯಿ ಸುಲಿದವರ ಕೈಯಿಂದ ಅದರ ಘಮ ಬೇಗ ಹೋಗುವುದಿಲ್ಲ. ಆ ಘಮ ಸಾರಿಗೆ ಇಳಿಯಬೇಕಾದರೆ ಕಾಯಿ ಗಿಡದಿಂದ ಬಂದಷ್ಟೇ ಬೇಗ ಒಲೆಗೆ ಹೋಗಬೇಕು. ಫ್ರೀಜರ್‌ನಲ್ಲಿಟ್ಟ ಕಾಳಿನಲ್ಲಿ ರುಚಿ ಒಂದಿಷ್ಟು ಉಳಿಯುತ್ತದೆಯೇ ಹೊರತು ಸೊಗಡು ಉಳಿಯುವುದಿಲ್ಲ. ಹಿತಕವರೆಯ ಸಾರಿಗಾದರೆ ಕಾಳನ್ನು ನೆನೆಹಾಕಿ ಒಂದೊಂದನ್ನೇ ಬೆರಳಿನಿಂದ ಹಿಸುಕಿ ಸಿಪ್ಪೆ ತೆಗೆಯಬೇಕು. ಹತ್ತಿಪ್ಪತ್ತು ಜನರ ಊಟಕ್ಕೆ ಒಂದು ಅಡುಗೆಮನೆ ಈ ಕೆಲಸವನ್ನು ಆ ದಿನವೇ ಮಾಡಿ ಮುಗಿಸಬಲ್ಲದು. ಪುಟ್ಟ ರೆಸ್ಟೋರೆಂಟ್‌ನ ನಿಜವಾದ ಬಲ ಇಲ್ಲಿದೆ, ಮತ್ತು ವರ್ಷಕ್ಕೆ ಒಮ್ಮೆ ಮಾತ್ರ ಇಂಥ ಊಟಕ್ಕೆ ಹಣ ತೆಗೆದಿಡಲು ಸಾಧ್ಯವಿರುವವರು ಅವರೆಯ ಕಾಲವನ್ನೇ ಆರಿಸಿಕೊಳ್ಳಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಬೇಸಿಗೆಯ ಕಥೆ ಬೇರೆ. ನೀರು ಕಡಿಮೆಯಾಗಿ ಸೊಪ್ಪು ಸೊರಗುತ್ತದೆ, ಆದರೆ ಮಾವು, ಹಲಸು ಬರುತ್ತವೆ. ರಾಮನಗರದ ಕಡೆಯ ಮಾವು ಮೊದಲು ಬರುತ್ತದೆ, ಶ್ರೀನಿವಾಸಪುರದ್ದು ಆಮೇಲೆ. ಬಾದಾಮಿ, ರಸಪುರಿ ಮುಗಿಯುವ ಮೊದಲೇ ಹೋಗಬೇಕು. ಮಳೆಗಾಲದಲ್ಲಿ ಮೊದಲ ಹದಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾವಾಗಿಯೇ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆ ಮೊದಲಾದವುಗಳ ಬೆರಕೆ ಸೊಪ್ಪು ಬರುತ್ತದೆ. ಇದರಿಂದ ಮಾಡಿದ ಬಸ್ಸಾರಿಗೆ ಸಮನಾದ ಸಾರು ನನಗೆ ಗೊತ್ತಿಲ್ಲ, ಮತ್ತು ಇದನ್ನು ಬಿತ್ತಿ ಬೆಳೆಯುವವರಿಲ್ಲದ ಕಾರಣ ಕಿತ್ತು ತಂದುಕೊಡುವವರ ಜೊತೆ ಒಡನಾಟ ಇಟ್ಟುಕೊಂಡಿರುವ ಅಡುಗೆಮನೆಗೆ ಮಾತ್ರ ಇದು ಸಿಗುತ್ತದೆ. ಅದೇ ತಿಂಗಳುಗಳಲ್ಲಿ ಮಲೆನಾಡಿನಿಂದ, ಕೊಡಗಿನಿಂದ ಕಳಲೆ ಮತ್ತು ಕೆಸುವಿನ ಎಲೆ ಬರುತ್ತವೆ. ಎಳೆ ಬಿದಿರಿನಲ್ಲಿ ಸಯನೈಡ್ ಹುಟ್ಟಿಸುವ ಸಹಜ ವಿಷಾಂಶ ಇರುವುದರಿಂದಲೇ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಹಾಕುವ ಪದ್ಧತಿ ಬಂದಿದೆ. ಅದನ್ನು ಎಷ್ಟು ದಿನ ನೆನೆಸಿದಿರಿ ಎಂದು ಬಡಿಸುವವರನ್ನು ಕೇಳುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ.

ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಹೋದಾಗ ಉಪ್ಪಿನಕಾಯಿ, ಬಾಳಕ, ಸಂಡಿಗೆ, ಒಣಗಿಸಿದ ಮುರುಗಲು ಇವೇ ಹೆಚ್ಚಾಗಿ ಬಂದರೆ ಮೋಸ ಹೋದೆವೆಂದು ಕೊರಗಬೇಕಾಗಿಲ್ಲ. ಬಿಸಿಲು ಇದ್ದಾಗ ಒಣಗಿಸಿ, ಬೆಳೆ ಇದ್ದಾಗ ಉಪ್ಪಿಗೆ ಹಾಕಿಟ್ಟು, ಇಲ್ಲದ ಕಾಲದಲ್ಲಿ ತೆಗೆದು ಬಡಿಸುವುದು ನಮ್ಮ ಅಡುಗೆಯ ಹಳೆಯ ಕ್ರಮವೇ ಆಗಿದೆ, ಮತ್ತು ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಮಿಡಿ ಸಿಗುವ ತಿಂಗಳಿನಲ್ಲಷ್ಟೇ ತಿನ್ನಬೇಕೆಂದು ಯಾರೂ ಹೇಳಿಲ್ಲ. ಅನುಮಾನ ಪಡಬೇಕಾದದ್ದು ಅಕ್ಟೋಬರ್‌ನ ಮೆನುವಿನಲ್ಲಿ ತಾಜಾ ರಸಪುರಿ ಎಂದು ಬರೆದಿದ್ದಾಗ.

ಸ್ಥಳೀಯ ಎಂಬ ಮಾತನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ, ಮಂಗಳೂರಿನಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿದೆ. ಹಾಗಿರುವಾಗ ಇಲ್ಲಿನ ಯಾವ ಅಂಜಲ್ ಮೀನೂ ಸ್ಥಳೀಯವಲ್ಲ. ಕರಾವಳಿಯ ಅಡುಗೆಯನ್ನೇ ಮಾಡುವ ಜಾಗವಾದರೆ ಮೀನು ದೂರದಿಂದ ಬರುವುದು ಸಹಜ, ಆದರೆ ಅಲ್ಲಿಯೂ ಕಾಲದ ಲೆಕ್ಕ ತಪ್ಪುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ನಾಡದೋಣಿಗಳು ಮಾತ್ರ ದಡದ ಹತ್ತಿರ ಮೀನು ಹಿಡಿಯುತ್ತವೆ. ಆ ಎರಡು ತಿಂಗಳು ಮೆನುವಿನಲ್ಲಿ ದೊಡ್ಡ ಅಂಜಲ್ ಎಂದಿನಂತೆಯೇ ಇದ್ದರೆ ಅದು ಎಲ್ಲಿಂದ ಬಂತು, ಐಸಿನಲ್ಲಿ ಎಷ್ಟು ಕಾಲ ಇತ್ತು ಎಂದು ಕೇಳಬಹುದು. ಕಾಲವನ್ನು ಗೌರವಿಸುವ ಅಡುಗೆಯವರು ಆ ತಿಂಗಳುಗಳಲ್ಲಿ ಒಣಮೀನಿಗೆ ಅಥವಾ ಕೆರೆಯ ಮೀನಿಗೆ ತಿರುಗಿರುತ್ತಾರೆ.

ಇನ್ನೂ ಮುಖ್ಯವಾದ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಬಹಳ ಕಡಿಮೆ. ಹತ್ತಿರದಲ್ಲಿ ಬೆಳೆದದ್ದೆಲ್ಲ ಒಳ್ಳೆಯದಾಗಿರಬೇಕಾಗಿಲ್ಲ. ವೃಷಭಾವತಿ ನದಿ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ, ಆ ನೀರು ಸುತ್ತಲಿನ ಹೊಲಗಳಿಗೆ ಹರಿದಿದೆ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು, ತರಕಾರಿಗಳಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಸೇರಿಕೊಳ್ಳಬಹುದೆಂಬ ಆತಂಕ ಈ ನಗರದಲ್ಲಿ ಹೊಸದಲ್ಲ, ಮತ್ತು ಎಷ್ಟು ತೊಳೆದರೂ ಗಿಡದೊಳಕ್ಕೆ ಇಳಿದ ಲೋಹ ಹೋಗುವುದಿಲ್ಲ. ಆದ್ದರಿಂದ ‘ಸೊಪ್ಪು ಎಷ್ಟು ದೂರದಿಂದ ಬರುತ್ತದೆ’ ಎಂದು ಕೇಳುವುದಕ್ಕಿಂತ ‘ಆ ತೋಟಕ್ಕೆ ನೀರು ಎಲ್ಲಿಯದು’ ಎಂದು ಕೇಳುವುದು ಹೆಚ್ಚು ಉಪಯುಕ್ತ. ಕೊಳವೆ ಬಾವಿಯ ನೀರೋ, ಮಳೆನೀರಿನ ಹೊಂಡದ್ದೋ, ಕೆರೆಯದ್ದೋ ಎಂಬುದು ತಾವೇ ತೋಟಕ್ಕೆ ಹೋಗಿ ಬರುವ ಅಡುಗೆಯವರಿಗೆ ಗೊತ್ತಿರುತ್ತದೆ ಮತ್ತು ಅವರು ಅದನ್ನು ಸಂತೋಷದಿಂದ ಹೇಳುತ್ತಾರೆ. ರೈತರ ಹೆಸರನ್ನು ಮೆನುವಿನಲ್ಲಿ ಅಚ್ಚು ಹಾಕಿಸುವುದಕ್ಕಿಂತ ಈ ಒಂದು ಪ್ರಶ್ನೆಗೆ ಸಿಗುವ ಉತ್ತರವನ್ನೇ ನಾನು ಹೆಚ್ಚು ನಂಬುತ್ತೇನೆ. ಸಾವಯವ ಎಂದು ಹೇಳಿಕೊಂಡರೆ ರೈತರ ಗುಂಪು ಪರಸ್ಪರ ಪರಿಶೀಲಿಸಿ ಕೊಡುವ ಪಿಜಿಎಸ್ ಅಥವಾ ಹೊರಗಿನ ಸಂಸ್ಥೆ ಪರಿಶೀಲಿಸಿ ಕೊಡುವ ಎನ್‌ಪಿಒಪಿ ಪ್ರಮಾಣಪತ್ರ ಇದೆಯೇ ಎಂದು ಕೇಳಬಹುದು. ಪ್ರಮಾಣಪತ್ರ ಇಲ್ಲದ ಸಣ್ಣ ರೈತರೂ ಒಳ್ಳೆಯ ಬೆಳೆ ತೆಗೆಯುತ್ತಾರೆಂಬುದನ್ನು ಮರೆಯಬಾರದು.

ಇವನ್ನೆಲ್ಲ ಫೋನಿನಲ್ಲೇ ಕೇಳಿ ತಿಳಿದು ಟೇಬಲ್ ಕಾಯ್ದಿರಿಸಬೇಕು. ಎಷ್ಟು ಜನ ಬರುತ್ತೀರೆಂಬುದನ್ನು ಖಚಿತವಾಗಿ ಹೇಳಿ, ಹೇಳಿದಷ್ಟೇ ಜನ ಹೋಗಬೇಕು. ಆರು ಜನ ಎಂದು ಹೇಳಿ ನಾಲ್ಕು ಜನ ಹೋದರೆ ಉಳಿದ ಇಬ್ಬರ ಪಾಲು ಮರುದಿನಕ್ಕೆ ಉಪಯೋಗವಾಗುವುದಿಲ್ಲ, ಎಂಟು ಜನ ಹೋದರೆ ಎಲ್ಲರ ಪಾಲೂ ಕಡಿಮೆಯಾಗುತ್ತದೆ. ಮುಂಗಡ ಹಣ ಕೇಳಿದರೆ ಬೇಸರ ಮಾಡಿಕೊಳ್ಳದೆ ಕೊಡಿ, ಆದರೆ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ಊಟದ ನಿಯಮಗಳನ್ನು ಹೇಳುವಾಗ ನಮ್ಮವರಲ್ಲಿ ಒಂದು ಸಂಕೋಚವಿದೆ. ಗುಂಪಿನಲ್ಲಿ ಒಬ್ಬರಿಗೆ ಶನಿವಾರ ಮಾಂಸ ಆಗುವುದಿಲ್ಲ, ಇನ್ನೊಬ್ಬರು ಶ್ರಾವಣ ಮುಗಿಯುವವರೆಗೆ ಬಿಟ್ಟಿರುತ್ತಾರೆ, ಮತ್ತೊಬ್ಬರಿಗೆ ಏಕಾದಶಿ, ಮಗದೊಬ್ಬರಿಗೆ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಆದರೂ ಹೋಗಿ ಕೂತ ಮೇಲೆ ಹೇಳಿದರಾಯಿತು ಎಂದುಕೊಳ್ಳುತ್ತಾರೆ. ನೂರು ಬಗೆಯ ಮೆನು ಇರುವ ಹೋಟೆಲಿನಲ್ಲಿ ಅದು ನಡೆಯುತ್ತದೆ. ಎಂಟೇ ಬಗೆ ಮಾಡುವ ಅಡುಗೆಮನೆಯಲ್ಲಿ ಬೆಳಗ್ಗೆಯೇ ಅರೆದಿಟ್ಟ ಖಾರದಿಂದ ಬೆಳ್ಳುಳ್ಳಿಯನ್ನು ಹೊರತೆಗೆಯಲು ಯಾರಿಂದಲೂ ಆಗದು, ಆದರೆ ಎರಡು ದಿನ ಮೊದಲು ಹೇಳಿದರೆ ಅವರು ನಿಮಗೆಂದೇ ಬೇರೆ ಖಾರ ಅರೆಯುತ್ತಾರೆ. ಕಡಲೆಕಾಯಿ, ಗೋಡಂಬಿ, ಹಾಲು, ಎಳ್ಳು, ಸೀಗಡಿ ಇವುಗಳಲ್ಲಿ ಯಾವುದಾದರೂ ಅಲರ್ಜಿ ಇದ್ದರಂತೂ ಟೇಬಲ್ ಕಾಯ್ದಿರಿಸುವಾಗಲೂ ಕೂತ ಕೂಡಲೆಯೂ ಎರಡೂ ಸಲ ಹೇಳಲೇಬೇಕು. ಮೆನುವಿನಲ್ಲಿ ಅಲರ್ಜಿಯ ಮಾಹಿತಿ ಅಚ್ಚು ಹಾಕಬೇಕೆಂಬ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಶಾಖೆಗಳಿರುವ ಸಂಸ್ಥೆಗಳಿಗೆ ಅನ್ವಯವಾಗುವಂಥದ್ದು. ಒಂದೇ ಜಾಗದಲ್ಲಿ ನಡೆಯುವ ಪುಟ್ಟ ರೆಸ್ಟೋರೆಂಟ್‌ನ ಮೆನುವಿನಲ್ಲಿ ಅದು ಇರಲಾರದು.

ಹೊತ್ತಿಗೆ ಸರಿಯಾಗಿ ತಲುಪುವುದು ಇನ್ನೊಂದು ಕರ್ತವ್ಯ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಜಾಗದಲ್ಲಿ ಒಂದು ಟೇಬಲ್ ತಡವಾದರೆ ಮುದ್ದೆ ಆರಿ ಗಟ್ಟಿಯಾಗುತ್ತದೆ. ಶುಕ್ರವಾರ ಸಂಜೆ ಹೊರವರ್ತುಲ ರಸ್ತೆಯನ್ನೋ ಹೆಬ್ಬಾಳದ ಮೇಲ್ಸೇತುವೆಯನ್ನೋ ದಾಟಬೇಕಾದವರು ಮ್ಯಾಪ್ ತೋರಿಸುವ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸಿಕೊಂಡು ಹೊರಡಬೇಕು, ಮೆಟ್ರೊ ಇರುವ ಕಡೆಗೆ ಮೆಟ್ರೊದಲ್ಲೇ ಹೋಗಬೇಕು. ಮಧ್ಯಾಹ್ನದ ಊಟ ಇದ್ದರೆ ಅದನ್ನೇ ಆರಿಸಿಕೊಳ್ಳುವುದು ಉತ್ತಮ.

ಕೂತ ಮೇಲೆ ಕೇಳಬೇಕಾದ ಮೊದಲ ಮಾತು ‘ಇವತ್ತು ಏನು ಬಂದಿದೆ’ ಎಂಬುದು. ಮೆನುವಿನಲ್ಲಿ ಕಂಡದ್ದು ಆ ದಿನ ಬಾರದೆ ಹೋಗಿ ಇನ್ನೊಂದು ಬಂದಿರಬಹುದು, ಹಾಗೆ ಬದಲಾದದ್ದೇ ಸಾಮಾನ್ಯವಾಗಿ ಆ ದಿನದ ಒಳ್ಳೆಯ ಬಗೆಯಾಗಿರುತ್ತದೆ. ಬಡಿಸುವ ಕ್ರಮವನ್ನು ಅಡುಗೆಯವರಿಗೇ ಬಿಡಬೇಕು. ಬಸಿದ ಕಟ್ಟನ್ನು ಮೊದಲು ಸಣ್ಣ ಲೋಟದಲ್ಲಿ ಕೊಟ್ಟರೆ ಅದನ್ನು ಬಿಸಿಯಾಗಿರುವಾಗಲೇ ಕುಡಿಯಬೇಕು. ಆಮೇಲೆ ಬರುವ ಪಲ್ಯಕ್ಕೂ ಸಾರಿಗೂ ಅದರದೇ ನಂಟಿರುತ್ತದೆ. ಮುದ್ದೆಯನ್ನಂತೂ ಫೋಟೊಗಾಗಿ ಕಾಯಿಸಬಾರದು. ಕೈಯಲ್ಲಿ ಉಣ್ಣುವ ಅಡುಗೆಯನ್ನು ಕೈಯಲ್ಲೇ ಉಣ್ಣಬೇಕು, ಸುತ್ತಲಿನ ಟೇಬಲ್‌ಗಳಲ್ಲಿ ಚಮಚ ಕಂಡರೂ ಸಂಕೋಚ ಪಡಬೇಕಾಗಿಲ್ಲ. ಮೊದಲ ತುತ್ತಿಗೇ ಉಪ್ಪು, ನಿಂಬೆ ಕೇಳುವುದಕ್ಕಿಂತ ನಾಲ್ಕು ತುತ್ತು ಉಂಡು ನೋಡುವುದು ಒಳ್ಳೆಯದು. ಏನಾದರೂ ಸರಿಯಾಗಿಲ್ಲವೆಂದರೆ ಮನೆಗೆ ಹೋಗಿ ರೇಟಿಂಗ್ ಕೊಡುವ ಬದಲು ಅಲ್ಲೇ, ತಟ್ಟೆ ಮುಂದಿರುವಾಗಲೇ, ಮೆಲುದನಿಯಲ್ಲಿ ಹೇಳಬೇಕು. ಅಡುಗೆಯವರು ಹತ್ತು ಹೆಜ್ಜೆ ದೂರದಲ್ಲಿರುವ ಜಾಗದಲ್ಲಿ ಅದನ್ನು ಆಗಲೇ ಸರಿಪಡಿಸಬಹುದು.

ಇಂಥ ಊಟ ಶ್ರೀಮಂತರಿಗೆ ಮಾತ್ರ ಎಂದು ಬಿಟ್ಟುಬಿಡಬಾರದು. ಚಳಿಗಾಲದಲ್ಲಿ ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆ ಸಿಗುತ್ತದೆ. ಹಳೆಯ ಬಡಾವಣೆಗಳ ಮುದ್ದೆ ಊಟದ ಮೆಸ್‌ಗಳಲ್ಲಿ ಮಾಲೀಕರೇ ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಸೊಪ್ಪು ತರುವ ರೂಢಿ ಇನ್ನೂ ಇದೆ. ಅಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಬಹುದು, ಅನೇಕ ಸಲ ಉತ್ತರ ಹೆಚ್ಚು ನೇರವಾಗಿಯೇ ಸಿಗುತ್ತದೆ.

ಬಿಲ್ ಬಂದಾಗ ಎರಡು ಮೂರು ಸಂಗತಿಗಳನ್ನು ನೋಡಬೇಕು. 2022ರ ಜನವರಿಯಿಂದ ಬಿಲ್‌ನ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರುವುದು ಕಡ್ಡಾಯವಾಗಿದೆ. ದೊಡ್ಡ ಲಾಡ್ಜಿಂಗ್ ಹೋಟೆಲುಗಳ ಒಳಗಿನವುಗಳನ್ನು ಬಿಟ್ಟರೆ ಸಾಮಾನ್ಯ ರೆಸ್ಟೋರೆಂಟ್‌ಗಳ ಊಟದ ಮೇಲೆ ಜಿಎಸ್‌ಟಿ ಶೇ. 5. ಸೇವಾ ಶುಲ್ಕವನ್ನು ಗ್ರಾಹಕರನ್ನು ಕೇಳದೆ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಅದನ್ನು ತೆಗೆಸುವ ಹಕ್ಕು ನಿಮಗಿದೆ. ಆದರೂ ಒಳ್ಳೆಯ ಊಟ ಹಾಕಿದವರಿಗೆ ಕೈಯಾರೆ ಒಂದಿಷ್ಟು ಕೊಡುವುದನ್ನು ಬಿಡಬೇಡಿ, ಬಡಿಸಿದವರ ಪಾಲು ಅಡುಗೆಮನೆಯೊಳಗೆ ಸೊಪ್ಪು ಬಿಡಿಸಿದವರಿಗೂ ಹೋಗುತ್ತದೆಯೇ ಎಂದು ಕೇಳಿ ಕೊಡಿ. ಏಳುವ ಮೊದಲು ಮುಂದಿನ ತಿಂಗಳು ಏನು ಬರುತ್ತದೆಂದು ವಿಚಾರಿಸಿ, ಬೇಕೆನಿಸಿದರೆ ಅಲ್ಲೇ ದಿನ ಗೊತ್ತುಮಾಡಿಕೊಳ್ಳಿ. ಅವರೆಯ ತಿಂಗಳುಗಳಲ್ಲಿ ಶನಿವಾರ, ಭಾನುವಾರದ ಟೇಬಲ್‌ಗಳು ಬೇಗ ತುಂಬುತ್ತವೆ, ವಾರದ ನಡುವಿನ ದಿನಗಳಲ್ಲಿ ಜಾಗ ಸುಲಭವಾಗಿ ಸಿಗುತ್ತದೆ.